ಶಿಶುಶಾಲೆಯಲ್ಲಿ ಕಾಗಕ್ಕ ಗುಬ್ಬಕ್ಕ



ಮೂರು ವರ್ಷ ತುಂಬಿ ಅಂಗನವಾಡಿಯ ಹೊಸ್ತಿಲನ್ನು ದಾಟುವ ಮಗು, ಅಕ್ಷರದ ಮುಖವನ್ನಿನ್ನೂ ಕಾಣದಿದ್ದರೂ, ಅಜ್ಜಿಯ ಮಡಿಲಿನಲ್ಲಿಯೂ ತಾಯಿಯ ಕೈತುತ್ತಿನೊಡನೆಯೂ ಕೇಳಿದ ನಾಲ್ಕಾರು ಕಥೆಗಳನ್ನು ಕಿವಿಯಲ್ಲಿ ತುಂಬಿಕೊಂಡೇ ಬರುತ್ತದೆ. ಈ ಪಿತ್ರಾರ್ಜಿತವನ್ನು ಶಾಲೆಯು ವಿದ್ಯಾಭ್ಯಾಸದ ಮೂಲಧನವಾಗಿ ಬಳಸಿಕೊಳ್ಳಬೇಕೆಂಬುದೂ, ಅದು ಹೇಗೆ ಸಾಧ್ಯವೆಂಬುದೂ ನನ್ನ ಈ ಸಂಜೆಯ ನಿವೇದನೆಯ ವಿಷಯ.

ಕಾಗಕ್ಕ ಗುಬ್ಬಕ್ಕನ ಕಥೆಯನ್ನೇ ತೆಗೆದುಕೊಳ್ಳೋಣ. ಕಾಗಕ್ಕನದು ಸಗಣಿಯ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. ಜಡಿಮಳೆಗೆ ಸಗಣಿಯ ಮನೆ ಕೊಚ್ಚಿಹೋಗಲು, ತೊಯ್ದು ತೊಪ್ಪೆಯಾದ ಕಾಗಕ್ಕ ಬಂದು ಗೆಳತಿಯ ಕದ ತಟ್ಟುತ್ತಾಳೆ. ಮಗುವಿಗೆ ಎಣ್ಣೆ ಹಚ್ಚುತ್ತಿದ್ದೇನೆ, ತಾಳು ಎನ್ನುತ್ತಾಳೆ ಗುಬ್ಬಕ್ಕ. ಮತ್ತೆ ತಟ್ಟಿದರೆ ನೀರೆರೆಯುತ್ತಿದ್ದೇನೆ, ಮತ್ತೆ ತಟ್ಟಿದರೆ ಮೈಯೊರೆಸುತ್ತಿದ್ದೇನೆ, ಹಾಲು ಕುಡಿಸುತ್ತಿದ್ದೇನೆ, ತೊಟ್ಟಿಲು ತೂಗುತ್ತಿದ್ದೇನೆ. ಕಥೆಯಿಂದ ಹೊರಗೆ ನಿಂತ ಪ್ರೌಢನಿಗೆ ಇದು ಬರಿಯ ಪುನರುಕ್ತಿಯಾಗಿ ತೋರಬಹುದು. ಆದರೆ ತನ್ನ ಮೈಮೇಲೆಯೇ ಪ್ರತಿನಿತ್ಯ ನಡೆಯುವ ಅಭ್ಯಂಜನ, ಸ್ನಾನ, ಕ್ಷೀರಪಾನ, ನಿದ್ರೆಗಳ ಆನುಪೂರ್ವಿಯನ್ನು ಶರೀರದಿಂದ ಬಲ್ಲ ಶಿಶುವು ಅದನ್ನೇ ಭಾಷೆಯ ಕ್ರಮವಾಗಿ ಕೇಳಿ ಗುರುತಿಸುವಾಗ ಪಡುವ ಆನಂದವನ್ನು ಕಂಡವರು ಹಾಗೆನ್ನಲಾರರು. ಮೂರನೆಯ ಸಲ ಕದ ತಟ್ಟುವ ವೇಳೆಗೆ ಗುರುಗಳು ಮೇಜನ್ನು ಟಕಟಕನೆ ಬಡಿದು ಸುಮ್ಮನಾದರೆ ಸಾಕು, ಕಾಗಕ್ಕನ ಮಾತನ್ನು ಇಡೀ ತರಗತಿಯೇ ಪೂರೈಸುತ್ತದೆ. ಹೆಸರು ಹಿಡಿದು ಕೇಳಿದರೆ ತಲೆ ತಗ್ಗಿಸುವ ಮಗುವೂ ಆ ಮೇಳದ ಮರೆಯಲ್ಲಿ ತನ್ನ ಮೊದಲ ವಾಕ್ಯವನ್ನು ನುಡಿದುಬಿಡುತ್ತದೆ. ಕುಶಲರಾದ ಶಿಕ್ಷಕಿಯರು ಇನ್ನೊಂದು ಉಪಾಯವನ್ನೂ ಬಲ್ಲರು: ಬೇಕೆಂದೇ ಕ್ರಮಗೆಡಿಸಿ, ನೀರೆರೆಯುವ ಮೊದಲೇ ತೊಟ್ಟಿಲು ತೂಗಿಸಿದರೆ, "ಇಲ್ಲ ಮಿಸ್, ಮೊದಲು ನೀರು ಹಾಕ್ಬೇಕು!" ಎಂದು ನಾಲ್ಕು ಮೂಲೆಗಳಿಂದಲೂ ಆಕ್ಷೇಪವೇಳುತ್ತದೆ. ಪೂರ್ವಾಪರವಿವೇಚನೆಗೆ ಇದಕ್ಕಿಂತ ಉತ್ತಮವಾದ ಅಭ್ಯಾಸವನ್ನು ನಾನು ಕಾಣೆ.

ಮರುದಿನ ಅದೇ ಕಥೆ. ಅಂಗಳದಲ್ಲಿ ಮಕ್ಕಳೇ ಕಲ್ಲಿನದೊಂದು, ಮಣ್ಣಿನದೊಂದು ಮನೆ ಕಟ್ಟಿ, ಚೊಂಬಿನಿಂದ ನೀರು ಸುರಿದು, ಯಾವುದು ನಿಂತಿತು, ಯಾವುದು ಕರಗಿತೆಂಬುದನ್ನು ಕಣ್ಣಾರೆ ಕಾಣಲಿ. ಪದಾರ್ಥಗಳ ಗುಣಧರ್ಮವು ಪಾಠವೆಂಬ ಹೆಸರಿಲ್ಲದೆಯೇ ತಿಳಿದೀತು. ವಾರವೆಲ್ಲ ಒಂದೇ ಕಥೆಯೆ ಎಂದು ಮೇಲ್ವಿಚಾರಕರು ಹುಬ್ಬೇರಿಸಿದರೆ, ಬೇಸರವು ಹಿರಿಯರದೇ ಹೊರತು ಮಕ್ಕಳದಲ್ಲವೆಂದು ಧೈರ್ಯವಾಗಿ ಹೇಳಬೇಕು.

ತೆಲುಗರ ಮನೆಮಾತಾದ ಏಳು ಮೀನುಗಳ ಕಥೆ ಕಾರ್ಯಕಾರಣಗಳ ಸರಪಣಿಯನ್ನೇ ಹೆಣೆಯುತ್ತದೆ. ರಾಜಕುಮಾರರು ತಂದು ಒಣಹಾಕಿದ ಏಳು ಮೀನುಗಳಲ್ಲಿ ಒಂದೇಕೆ ಒಣಗಲಿಲ್ಲ? ಹುಲ್ಲುಮೆದೆ ಅಡ್ಡವಾಯಿತು. ಮೆದೆಯನ್ನು ಹಸು ಏಕೆ ಮೇಯಲಿಲ್ಲ? ದನಗಾಹಿ ಬಿಡಲಿಲ್ಲ. ಹೀಗೆ ಅಜ್ಜಿ, ಅಳುವ ಕೂಸುಗಳನ್ನು ಹಾದು ಪ್ರಶ್ನೆಯು ಕಚ್ಚಿದ ಇರುವೆಯವರೆಗೆ ಹೋಗಿ ನಿಲ್ಲುತ್ತದೆ. ಏಕೆ ಏಕೆ ಎಂದು ದಿನವೆಲ್ಲ ಕಾಡುವ ನಾಲ್ಕು ವರ್ಷದ ಜಿಜ್ಞಾಸುವಿಗೆ ಇದು ಹೇಳಿಮಾಡಿಸಿದ ಕಥೆ.

ಇನ್ನು ನೀತಿಯ ವಿಚಾರ. ಕಥೆ ಮುಗಿದೊಡನೆಯೇ ಇದರ ನೀತಿಯೇನೆಂದು ಕೇಳುವ ಪದ್ಧತಿಯನ್ನು ನಾನು ಮನಃಪೂರ್ವಕವಾಗಿ ವಿರೋಧಿಸುತ್ತೇನೆ. ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹನು ಕನ್ನಡಕ್ಕೆ ತಂದ ಪಂಚತಂತ್ರವು ರಾಜಪುತ್ರರ ಶಿಕ್ಷಣಕ್ಕೆಂದು ಹುಟ್ಟಿದ ಪರಂಪರೆಯದು. ಅಲ್ಲಿ ನೀತಿಯು ಕಥೆಯ ಅಂಗವೇ ಆಗಿದ್ದು, ಅಲ್ಲಿನ ಕುಟಿಲೋಪಾಯಗಳನ್ನು ಅಳೆಯುವ ಬುದ್ಧಿ ಮಗುವಿಗೆ ಬಲಿಯುವವರೆಗೆ ಆ ಗ್ರಂಥ ಕಾಯಬಹುದು. ಗುಬ್ಬಕ್ಕನ ಕಥೆಯಾದರೋ ತೀರ್ಪನ್ನೇ ಕೊಡುವುದಿಲ್ಲ. ನೆನೆಯುತ್ತಿರುವವಳನ್ನು ಅಷ್ಟು ಹೊತ್ತು ಕಾಯಿಸಿದ್ದು ಸರಿಯೆ? ಕೆಲವು ಪಾಠಾಂತರಗಳಲ್ಲಿ ಒಳಸೇರಿದ ಕಾಗಕ್ಕ ರಾತ್ರಿಯೆಲ್ಲ ಕಟಂಕಟಂ ಎಂದು ಕಡಲೆ ತಿಂದು ಮುಗಿಸುತ್ತಾಳೆ, ಅದು ಸರಿಯೆ? ಮಕ್ಕಳು ಎರಡು ಪಕ್ಷವಾಗಿ ವಾದಿಸುತ್ತಾರೆ. ಆ ವಾದವನ್ನು ಗುರುಗಳು ತಮ್ಮ ವಾಕ್ಯವೊಂದರಿಂದ ಮುಗಿಸಿಬಿಟ್ಟರೆ, ಮೊಳೆಯುತ್ತಿದ್ದ ವಿವೇಕವನ್ನು ಚಿವುಟಿದಂತಾಗುವುದು.

ಕಥೆಯ ಬಲವನ್ನು ಶಿಕ್ಷಣಶಾಸ್ತ್ರದ ಕೇಂದ್ರಕ್ಕೆ ತಂದವರಲ್ಲಿ ಗುಜರಾತಿನ ಗಿಜುಭಾಯಿ ಬಧೇಕರು ಪ್ರಾತಃಸ್ಮರಣೀಯರು. ವಕೀಲಿಯನ್ನು ತೊರೆದು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದ ಅವರು, 'ದಿವಾಸ್ವಪ್ನ'ವೆಂಬ ತಮ್ಮ ಕೃತಿಯಲ್ಲಿ ಶಿಕ್ಷಕನೊಬ್ಬನನ್ನು ಕಲ್ಪಿಸಿದ್ದಾರೆ. ಮೊದಲ ದಿನ ಮಕ್ಕಳಿಗೆ ಮೌನದ ಆಟವನ್ನು ಆಡಿಸಹೊರಟ ಆತನಿಗೆ ದೊರೆತದ್ದು ಗದ್ದಲ. ಕಥೆಯನ್ನಾರಂಭಿಸಿದಾಗ ಅದೇ ತರಗತಿ ತಾನಾಗಿಯೇ ಮೌನವಾಯಿತು. ಬೆತ್ತವು ತರಲಾರದ ಏಕಾಗ್ರತೆಯನ್ನು ಕುತೂಹಲವು ತಂದ ಆ ಪ್ರಸಂಗವನ್ನು ಪ್ರತಿಯೊಬ್ಬ ಶಿಕ್ಷಕನೂ ಓದಬೇಕು.

ನಮ್ಮಲ್ಲಿಯೂ ಕ್ಷೇತ್ರಕ್ಕೆ ಕೊರತೆಯಿಲ್ಲ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಕರ್ನಾಟಕದಲ್ಲಿ ಟಿ. ನರಸೀಪುರದಿಂದ ಮೊದಲ್ಗೊಂಡು ಊರೂರಿಗೂ ಅಂಗನವಾಡಿಯನ್ನು ಒಯ್ದಿದೆ. ಅಲ್ಲಿ ಲಂಬಾಣಿ, ತುಳು, ಕೊಂಕಣಿ, ಉರ್ದು ಮನೆಮಾತಿನ ಮಕ್ಕಳು ಒಂದೇ ಚಾಪೆಯ ಮೇಲೆ ಕುಳಿತಿರುತ್ತಾರೆ. ಮರಾಠಿ ಮನೆಯ ಮಗುವಿನ ಗುಬ್ಬಿಗೆ ಕಲ್ಲಿನ ಬದಲು ಮೇಣದ ಮನೆಯಿರುತ್ತದೆ. ಅದನ್ನು ತಪ್ಪೆನ್ನದೆ, ಆ ಮಗುವಿನ ಅಜ್ಜಿಯನ್ನೇ ಒಂದು ಶನಿವಾರ ಕರೆಸಿ, ಅವರ ಮಾತಿನಲ್ಲಿಯೇ ಹೇಳಿಸಿ, ಬಳಿಕ ಕನ್ನಡದಲ್ಲಿ ಆಡಿಸಬೇಕು. ಕಥೆಯ ಹಾದಿ ಮೊದಲೇ ತಿಳಿದಿರುವುದರಿಂದ ಹೊಸ ಭಾಷೆಯ ಪದಗಳು ಮಗುವಿಗೆ ಭಯ ಹುಟ್ಟಿಸುವುದಿಲ್ಲ.

ಇದಕ್ಕೆ ಬೇಕಾದದ್ದು ದುಬಾರಿಯ ಸಾಮಗ್ರಿಯಲ್ಲ. ಶಿಕ್ಷಕರ ತರಬೇತಿಯಲ್ಲಿ, ಪುಸ್ತಕ ನೋಡದೆ, ಮಕ್ಕಳ ಕಣ್ಣು ನೋಡುತ್ತ ಹತ್ತು ಜನಪದ ಕಥೆಗಳನ್ನು ಹೇಳಬಲ್ಲವರಾಗಬೇಕೆಂಬ ನಿಯಮವಿರಲಿ. ಆ ಹತ್ತರಲ್ಲಿ ಐದಾದರೂ ಅವರು ಕಲಿಸಲಿರುವ ಊರಿನ ಮುದುಕಿಯರಿಂದಲೇ ಕೇಳಿ ತಂದವಾಗಿರಲಿ.