ಓದಿದವರ ಒಡನಾಟ



ಒಳ್ಳೆಯ ಪುಸ್ತಕವೊಂದನ್ನು ಓದಿ ಮುಗಿಸಿದಿರಿ. ಅದರ ಬಗ್ಗೆ ಯಾರೊಡನೆ ಮಾತನಾಡುವಿರಿ? ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯಂಥ ಊರಿನ ಓದುಗರಿಗೆ ಇದು ಸಣ್ಣ ಕಷ್ಟವಲ್ಲ. ಮನೆಯವರು ಪರೀಕ್ಷೆಯ ಅಂಕ ಕೇಳುತ್ತಾರೆ. ಕಾದಂಬರಿಯ ಮಾತು ಬಾಯಲ್ಲೇ ಉಳಿಯುತ್ತದೆ.

ಇದೇ ಮಂಡ್ಯ ಜಿಲ್ಲೆಯಲ್ಲಿ, ಪಾಂಡವಪುರದ ಹತ್ತಿರದ ಹರಳಹಳ್ಳಿಯಲ್ಲಿ ಅಂಕೇಗೌಡರ 'ಪುಸ್ತಕ ಮನೆ' ಇದೆ. ಬಸ್ ಕಂಡಕ್ಟರಾಗಿದ್ದು, ಅನಂತರ ಸಕ್ಕರೆ ಕಾರ್ಖಾನೆಯಲ್ಲಿ ದುಡಿದು, ಮೈಸೂರಿನಲ್ಲಿದ್ದ ಆಸ್ತಿಯನ್ನೂ ಮಾರಿ ಪುಸ್ತಕ ಕೂಡಿಸಿದವರು ಅವರು. ಲಕ್ಷಗಟ್ಟಲೆ ಪುಸ್ತಕಗಳು, ಕಪಾಟು ಸಾಲದೆ ನೆಲದ ಮೇಲೂ ರಾಶಿ. ಯಾರು ಬೇಕಾದರೂ ಹೋಗಿ ಓದಬಹುದು.

ಆದರೆ ಆ ರಾಶಿಯ ಮುಂದೆ ನಿಂತವರು ಯಾವುದನ್ನು ಕೈಗೆತ್ತಿಕೊಳ್ಳಬೇಕು? ಅಲ್ಲಿ ಬೇಕಾಗುವುದು ನಿಮ್ಮ ಅರ್ಧ ಪುಟದ ಬರಹ. ಪುಸ್ತಕ ಹಿಡಿಸಲಿಲ್ಲವೆ? ಏಕೆಂದು ಬರೆದು ಕಾಲೇಜಿನ ಗೋಡೆಪತ್ರಿಕೆಗೆ ಹಾಕಿ. ಹೊಗಳಿಕೆಗಿಂತ ವಾದಕ್ಕೇ ಜನ ಬೇಗ ಸೇರುತ್ತಾರೆ, ಬಿಡಿ! 'ನೀನು ಬರೆದದ್ದು ಸರಿಯಲ್ಲ' ಎಂದು ಬರುವವರು ಆ ಪುಸ್ತಕ ಓದಿರುತ್ತಾರಲ್ಲ, ಅವರೇ ನಿಮ್ಮ ಮೊದಲ ಜೊತೆಗಾರರು. ನಾನು ವಿಜ್ಞಾನ ಓದಿದವನು. ಒಬ್ಬರ ಪ್ರಯೋಗವನ್ನು ಇನ್ನೊಬ್ಬರು ಮಾಡಿ ನೋಡಿದಾಗಲೇ ನಮಗೆ ನಂಬಿಕೆ. ಓದಿಗೂ ಇದು ಸಲ್ಲುತ್ತದೆಂದು ನನ್ನ ಎಣಿಕೆ.

ವಿದ್ಯಾರ್ಥಿಗಳ ಕೂಟದಿಂದ ಏನಾದೀತು ಎನ್ನಬೇಡಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘವು 1919ರಲ್ಲಿ 'ಪ್ರಬುದ್ಧ ಕರ್ನಾಟಕ' ಪತ್ರಿಕೆಯನ್ನು ಹೊರತಂದಿತು, ಎ. ಆರ್. ಕೃಷ್ಣಶಾಸ್ತ್ರಿಗಳು ಅದಕ್ಕೆ ಬೆನ್ನೆಲುಬಾಗಿದ್ದರು. ನಿಮಗೆ ಪತ್ರಿಕೆಯೇ ಬೇಕಿಲ್ಲ. ತಿಂಗಳಿಗೊಂದು ಭಾನುವಾರ ಗ್ರಂಥಾಲಯದ ಜಗಲಿ ಸಾಕು. ಮೊದಲ ಸಲ ಇಬ್ಬರೇ ಬಂದರೆ ಆ ಇಬ್ಬರೊಡನೆಯೇ ಆರಂಭಿಸಿ.