ಮಳೆಯ ಹೆಸರಿನ ಚಿಕ್ಕಿಗಳು

(ಶಾಲೆಯ ವಾರ್ಷಿಕ ಸ್ನೇಹಸಮ್ಮೇಳನದಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ಈ ವರ್ಷದ ಎಳ್ಳಮಾವಾಸ್ಯೆಯ ರಾತ್ರಿ ನಾವೆಲ್ಲರೂ ಊರಾಚೆಯ ಹೊಲದಲ್ಲಿ ತಂಗಿದ್ದೆವಷ್ಟೆ. ಹಗಲು ಚರಗ ಚೆಲ್ಲಿ, ಸಜ್ಜೆಯ ರೊಟ್ಟಿ ಉಂಡು, ಸಂಜೆಗೆ ಮನೆಗೆ ಮರಳುವುದು ನಮ್ಮ ವಾಡಿಕೆ. ಈ ಸಲ ಮರಳದೆ, ಜೋಳದ ಬೆಳೆಯ ಬದಿಗೆ ಕಂಬಳಿ ಹಾಸಿ, ಆಕಾಶವನ್ನು ನೋಡುತ್ತ ರಾತ್ರಿಯನ್ನು ಕಳೆದೆವು. ಆ ರಾತ್ರಿ ನಮ್ಮಿಂದ ಒಂದು ತಪ್ಪಾಯಿತು. ಅದನ್ನು ತಮ್ಮ ಮುಂದೆ ಒಪ್ಪಿಕೊಂಡು, ಅದರಿಂದ ಕಲಿತುದನ್ನು ಅರಿಕೆ ಮಾಡುವುದೇ ಇಂದಿನ ಮಾತಿನ ಉದ್ದೇಶ.

ಮೊದಲು ದೀಪಗಳನ್ನೆಲ್ಲ ಆರಿಸಿದೆವು, ಮೊಬೈಲುಗಳನ್ನೂ ಮುಚ್ಚಿಡಿಸಿದೆವು. ಕಣ್ಣು ಕತ್ತಲೆಗೆ ಒಗ್ಗಲು ಇಪ್ಪತ್ತು ನಿಮಿಷಗಳಾದರೂ ಬೇಕು. ಒಗ್ಗಿದ ಮೇಲೆ ಮಕ್ಕಳು ಮಾತನ್ನೇ ಮರೆತರು. ನೆತ್ತಿಯ ಬಳಿ ಕೃತ್ತಿಕೆಯ ಗೊಂಚಲು. ಅದರ ಕೆಳಗೆ ರೋಹಿಣಿ. ಪೂರ್ವದಲ್ಲಿ ಸಾಲಾಗಿ ನಿಂತ ಮೂರು ಚಿಕ್ಕಿಗಳ ಮಹಾವ್ಯಾಧ. ಅವನ ಶಿರದಲ್ಲಿ ಮೃಗಶಿರ, ಭುಜದಲ್ಲಿ ಕೆಂಪು ಛಾಯೆಯ ಆರಿದ್ರಾ. ಅವನ ಹಿಂದೆಯೇ ಮೇಲೇರುತ್ತಿದ್ದ ಲುಬ್ಧಕ. ಲುಬ್ಧಕನ ಬೆಳಕು ನಮ್ಮನ್ನು ಮುಟ್ಟಲು ಸುಮಾರು ಎಂಟೂವರೆ ವರ್ಷ ಹಿಡಿಯುತ್ತದೆ. ಕೃತ್ತಿಕೆಯ ಬೆಳಕು ಹೊರಟು ಸುಮಾರು 440 ವರ್ಷಗಳಾದುವು. ಆಗ ವಿಜಯಪುರದ ಗೋಲಗುಂಬಜಕ್ಕೆ ತಳಪಾಯವೂ ಬಿದ್ದಿರಲಿಲ್ಲ.

ಉತ್ತರದಲ್ಲಿ ಧ್ರುವನನ್ನೂ ತೋರಿಸಿದೆವು. ನಮ್ಮೂರು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 17 ಅಂಶಗಳಲ್ಲಿರುವುದರಿಂದ, ಧ್ರುವನೂ ದಿಗಂತದಿಂದ ಅಷ್ಟೇ ಎತ್ತರದಲ್ಲಿ ಕಾಣುವನು. ಚಾಚಿದ ಕೈಯ ಮುಷ್ಟಿಯೊಂದು ಸುಮಾರು 10 ಅಂಶ; ಎರಡು ಮುಷ್ಟಿಗಳಿಗೆ ತುಸು ಕಡಿಮೆ ಅಳೆದರೆ ಅವನು ಸಿಕ್ಕುವನು.

ಆಗ ವಿದ್ಯಾರ್ಥಿಯೊಬ್ಬನ ಅಜ್ಜನವರು ಕೇಳಿದರು: “ಗುರುಗಳ, ಹುಟ್ಟಿದಾಗಿಂದ ಆರಿದ್ರಾ ಮಳಿ, ಆರಿದ್ರಾ ಮಳಿ ಅಂತೀವಿ. ಅದರ ಚಿಕ್ಕಿ ಇದಾ ಏನ್ರಿ? ಮತ್ತ ಮಳಿಗಾಲದಾಗ ಇದು ಎಲ್ಲಿ ಇರತೈತ್ರಿ?”

ನಾವು ತಡಮಾಡದೆ, “ಮೋಡಗಳು ಮುಚ್ಚಿರುತ್ತವೆ, ಅಜ್ಜಾ” ಎಂದುಬಿಟ್ಟೆವು. ಅಜ್ಜನವರು ಹೌದೆಂದು ತಲೆದೂಗಿದರು. ಆದರೆ ಏಳನೆಯ ಇಯತ್ತೆಯ ಬಾಲಿಕೆಯೊಬ್ಬಳು ಎದ್ದು ಕುಳಿತಳು. “ಗುರುಗಳ, ನಮ್ಮೂರಾಗ ಎಷ್ಟೋ ವರ್ಷ ಆರಿದ್ರಾದಾಗ ಮೋಡಾನ ಇರೂದಿಲ್ಲ. ಆವಾಗರ ಕಾಣಬೇಕಲ್ರಿ?”

ನಮಗೆ ಉತ್ತರ ಹೊಳೆಯಲಿಲ್ಲ. ಮಳೆ ತಪ್ಪಿದ ವರ್ಷಗಳನ್ನು ಕಂಡು ಬೆಳೆದ ಮಗುವಿಗೆ ನಮ್ಮ ಉತ್ತರದ ಹುಳುಕು ಒಡನೆಯೇ ಕಂಡಿತು. ಇಪ್ಪತ್ತು ವರ್ಷ ಕರಿಹಲಗೆಯ ಮೇಲೆ ಗ್ರಹನಕ್ಷತ್ರಗಳನ್ನು ಬರೆದ ನಮಗೆ ಕಾಣಲಿಲ್ಲ. “ನಾಳೆ ಹೇಳುವೆವು” ಎಂದೆವು. ಆ ರಾತ್ರಿ ನಿದ್ರೆ ಸುಳಿಯಲಿಲ್ಲ. ನಡುರಾತ್ರಿ ಕಳೆದು ಬಹಳ ಹೊತ್ತಾದ ಮೇಲೆ, ಈಶಾನ್ಯದಲ್ಲಿ ಸಪ್ತರ್ಷಿಗಳೆಲ್ಲರೂ ಮೇಲೆ ಬಂದಾಗಲೂ ನಾವು ಅದನ್ನೇ ಯೋಚಿಸುತ್ತಿದ್ದೆವು.

ಮರುದಿನ ಕಿಟಕಿಗಳನ್ನು ಮುಚ್ಚಿ, ಕೋಣೆಯ ನಡುವೆ ಒಂದು ದೀಪವಿಟ್ಟೆವು. ಅದೇ ಸೂರ್ಯ. 27 ಮಕ್ಕಳು ಒಂದೊಂದು ನಕ್ಷತ್ರದ ಹೆಸರನ್ನು ಹೊತ್ತು ಗೋಡೆಯ ಸುತ್ತ ನಿಂತರು. ಪ್ರಶ್ನೆ ಕೇಳಿದ ಬಾಲಿಕೆ ಭೂಮಿಯಾಗಿ ದೀಪವನ್ನು ಸುತ್ತತೊಡಗಿದಳು. ಒಂದು ಕಡೆ ನಿಂತು ಅವಳೇ ಕೂಗಿದಳು: “ಆರಿದ್ರಾ ದೀಪದ ಹಿಂದ ಐತ್ರಿ!”

ಉತ್ತರವು ಅದೇ. ಜೂನ್ 22ರ ಸುಮಾರಿಗೆ ಸೂರ್ಯನು ಆರಿದ್ರಾ ನಕ್ಷತ್ರವನ್ನು ಪ್ರವೇಶಿಸುವನು. ಆದುದರಿಂದಲೇ ಆ ಮಳೆಗೆ ಆ ಹೆಸರು. ಆಗ ಆ ಚಿಕ್ಕಿಯು ಸೂರ್ಯನೊಡನೆಯೇ ಮೂಡಿ ಸೂರ್ಯನೊಡನೆಯೇ ಮುಳುಗುವುದು. ಮೋಡವಿರಲಿ, ಇಲ್ಲದಿರಲಿ, ಅದು ಕಾಣದು. 365 ದಿನಗಳನ್ನು 27ರಿಂದ ಭಾಗಿಸಿರಿ: ಸುಮಾರು ಹದಿಮೂರುವರೆ ದಿನ. ಅದೇ ಒಂದು ಮಳೆಯ ಅವಧಿ. ಮಳೆಯ ಹೆಸರುಗಳಲ್ಲಿ ನಮ್ಮ ರೈತರು ಸೂರ್ಯನ ದಾರಿಯ ಲೆಕ್ಕವನ್ನೇ ಬಾಯಲ್ಲಿ ಉಳಿಸಿಕೊಂಡು ಬಂದಿದ್ದಾರೆ. ಆದರೆ ಆ ನಕ್ಷತ್ರಗಳ ಮುಖ ನೋಡಬೇಕಾದರೆ ಮಾಗಿಯ ಚಳಿಯಲ್ಲಿ ಹೊಲಕ್ಕೆ ಬರಬೇಕು. ಸಂಜೆ ಅಜ್ಜನವರ ಮನೆಗೆ ಹೋಗಿ ನಮ್ಮ ತಪ್ಪನ್ನು ತಿದ್ದಿ ಹೇಳಿ ಬಂದೆವು.

ಮಹನೀಯರೇ, ಜತ್ತ ಸೀಮೆಯೆಂದರೆ ಬರಸೀಮೆಯೆಂದು ಜನ ಆಡಿಕೊಳ್ಳುವರು. ಬರದ ಕಷ್ಟ ಸುಳ್ಳಲ್ಲ. ಚಿಕ್ಕಿಗಳಿಂದ ಕೊಡ ತುಂಬದು. ಆದರೂ ಒಂದು ಮಾತನ್ನು ಮಕ್ಕಳು ತಿಳಿದಿರಲಿ. ಲಡಾಖದ ಹಾನ್ಲೆ ನಮ್ಮೂರಿಗಿಂತ ಎಷ್ಟೋ ಒಣನೆಲ. ಸುಮಾರು 4,500 ಮೀಟರ್ ಎತ್ತರದ ಶೀತಮರುಭೂಮಿ. ಆ ಒಣಹವೆ, ತಿಳಿಯಾಕಾಶ, ಕತ್ತಲೆಗಳನ್ನರಸಿಯೇ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಅಲ್ಲಿಗೆ ಹೋಗಿ 2 ಮೀಟರ್ ವ್ಯಾಸದ ದೂರದರ್ಶಕವನ್ನು ಸ್ಥಾಪಿಸಿದರು. ಅದನ್ನು ಉಪಗ್ರಹದ ಮೂಲಕ ನಡೆಸುವುದು ನಮ್ಮ ಕನ್ನಡ ನಾಡಿನ ಹೊಸಕೋಟೆಯಿಂದ! 2022ರಲ್ಲಿ ಆ ಸೀಮೆಯ ಕತ್ತಲೆಯನ್ನೇ ಕಾಯ್ದಿಡಬೇಕಾದ ಸಂಪತ್ತೆಂದು ಘೋಷಿಸಲಾಯಿತು. ಅಲ್ಲಿಯ ಹಳ್ಳಿಗರೇ ತರಬೇತಿ ಪಡೆದು, ಬಂದವರಿಗೆ ನಕ್ಷತ್ರ ತೋರಿಸುತ್ತಾರೆ. 2023ರಿಂದ ದೇಶದ ಆಕಾಶಪ್ರೇಮಿಗಳು ಆ ಮರುಭೂಮಿಯಲ್ಲಿ ಕೂಡಿ ರಾತ್ರಿಗಳನ್ನು ಕಳೆಯುತ್ತಿದ್ದಾರೆ. ನಾವು ನಮ್ಮ ಹೊಲದಲ್ಲಿ ಮಾಡಿದುದೂ ಅದೇ ಕೆಲಸ, ಸಣ್ಣ ಪ್ರಮಾಣದಲ್ಲಿ.

ಪಾಲಕರಲ್ಲಿ ನಮ್ಮ ಬಿನ್ನಹ ಎರಡು. ಅಮಾವಾಸ್ಯೆಗೊಂದು ರಾತ್ರಿಯಾದರೂ ಅಂಗಳದ ದೀಪವನ್ನು ಆರಿಸಿ ಮಕ್ಕಳೊಡನೆ ಹೊರಗೆ ಕುಳಿತುಕೊಳ್ಳಿರಿ. ತಾವು ಹಿರಿಯರಿಂದ ಕೇಳಿದ ಮಳೆಯ ಹೆಸರುಗಳನ್ನು ಅವರಿಗೆ ಹೇಳಿಕೊಡಿರಿ. ಆ ಹೆಸರುಗಳು ಕನ್ನಡದಲ್ಲಿ ಅವರ ಬಾಯಲ್ಲಿ ಉಳಿಯಲಿ.

ಮಕ್ಕಳೇ, ನಿಮಗೆ ಹೇಳುವುದು ಒಂದೇ. ಗುರುಗಳ ಉತ್ತರವು ನೀವು ಕಣ್ಣಾರೆ ಕಂಡುದಕ್ಕೆ ಹೊಂದದಿದ್ದರೆ ಆ ಬಾಲಿಕೆಯಂತೆ ಎದ್ದು ಕೇಳಿರಿ. ನಾವು ಸಿಟ್ಟಾಗೆವು. ಬರುವ ಎಳ್ಳಮಾವಾಸ್ಯೆಗೆ ಮತ್ತೆ ಅದೇ ಹೊಲದಲ್ಲಿ ಸೇರೋಣ. ಕಂಬಳಿಗಳನ್ನು ಮರೆಯದೆ ತನ್ನಿರಿ.