ಥರ್ಮಂಡ್ ಗೆದ್ದ ಒಂಬತ್ತು ಚುನಾವಣೆಗಳು



ಅಮೆರಿಕದ ದಕ್ಷಿಣ ಭಾಗದಲ್ಲಿ ಸೌತ್ ಕೆರೊಲಿನಾ ಎಂಬ ರಾಜ್ಯವಿದೆ. 1954ರಿಂದ 1996ರವರೆಗೆ ಸ್ಟ್ರಾಮ್ ಥರ್ಮಂಡ್ ಎಂಬುವರು ಅಲ್ಲಿಂದ ಒಂಬತ್ತು ಸಲ ಸೆನೆಟ್‌ಗೆ ಆರಿಸಿಬಂದರು. ಸದಸ್ಯರಾಗಿರುವಾಗಲೇ ನೂರು ವರ್ಷ ತುಂಬಿದ ಸೆನೆಟರ್ ಅವರೊಬ್ಬರೇ. ಇದನ್ನು ಸಾಮಾನ್ಯವಾಗಿ ಒಬ್ಬ ಮನುಷ್ಯನ ಗಟ್ಟಿತನದ ಕಥೆಯಾಗಿ ಹೇಳುತ್ತಾರೆ. ನನ್ನ ಮಟ್ಟಿಗೆ ಇದು ಮತದಾರರ ಪಟ್ಟಿಯ ಕಥೆ. ಎದುರಿಗೆ ಯಾರು ನಿಂತಿದ್ದರು, ಮತಗಟ್ಟೆಯೊಳಕ್ಕೆ ಯಾರನ್ನು ಬಿಟ್ಟಿದ್ದರು ಎಂದು ಕೇಳದೆ ಗೆಲುವಿನ ಶೇಕಡಾವಾರು ಓದಿದರೆ ಏನೂ ತಿಳಿಯುವುದಿಲ್ಲ.

ಸೆನೆಟ್ ಅಮೆರಿಕದ ಸಂಸತ್ತಿನ ಮೇಲ್ಮನೆ. ನಮ್ಮ ರಾಜ್ಯಸಭೆಯಂತೆ ಅಲ್ಲಿಯೂ ಅವಧಿ ಆರು ವರ್ಷ. ಆದರೆ ರಾಜ್ಯಸಭೆಯ ಸದಸ್ಯರನ್ನು ಶಾಸಕರು ಆರಿಸುತ್ತಾರೆ. ಸೆನೆಟರುಗಳನ್ನು 1913ರ ಸಂವಿಧಾನ ತಿದ್ದುಪಡಿಯ ನಂತರ ರಾಜ್ಯದ ಮತದಾರರೇ ನೇರವಾಗಿ ಆರಿಸುತ್ತಿದ್ದಾರೆ. ರಾಜ್ಯ ಚಿಕ್ಕದಿರಲಿ, ದೊಡ್ಡದಿರಲಿ, ತಲಾ ಇಬ್ಬರು.

ಈಗ ಸೌತ್ ಕೆರೊಲಿನಾಕ್ಕೆ ಬರೋಣ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅಲ್ಲಿ ಇದ್ದದ್ದು ಒಂದೇ ಪಕ್ಷ, ಡೆಮಾಕ್ರಟಿಕ್ ಪಕ್ಷ. ಅಭ್ಯರ್ಥಿ ಯಾರೆಂದು ತೀರ್ಮಾನಿಸುವ ಪಕ್ಷದ ಒಳಚುನಾವಣೆಗೆ ಪ್ರೈಮರಿ ಎನ್ನುತ್ತಾರೆ. ಅದರಲ್ಲಿ ಗೆದ್ದವನು ಗೆದ್ದ ಹಾಗೆಯೇ. ನವೆಂಬರಿನ ಚುನಾವಣೆ ಬರೀ ಶಾಸ್ತ್ರಕ್ಕೆ. ಆ ಪ್ರೈಮರಿಯಲ್ಲಿ ಬಿಳಿಯರಿಗೆ ಮಾತ್ರ ಮತ. 1944ರಲ್ಲಿ ಟೆಕ್ಸಸ್‌ನ ಮೊಕದ್ದಮೆಯೊಂದರಲ್ಲಿ ಇಂಥ ಪ್ರೈಮರಿ ಸಲ್ಲದು ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಸೌತ್ ಕೆರೊಲಿನಾದ ಶಾಸಕರು ಏನು ಮಾಡಿದರು ಗೊತ್ತೇ? ತುರ್ತು ಅಧಿವೇಶನ ಕರೆದು, ಪ್ರೈಮರಿಗೆ ಸಂಬಂಧಿಸಿದ ಕಾನೂನುಗಳನ್ನೆಲ್ಲ ರದ್ದು ಮಾಡಿದರು. ಕಾನೂನೇ ಇಲ್ಲದ ಮೇಲೆ ಪಕ್ಷ ಖಾಸಗಿ ಕ್ಲಬ್ಬಿನಂತೆ, ಯಾರನ್ನು ಸೇರಿಸಿಕೊಳ್ಳಬೇಕೆನ್ನುವುದು ನಮ್ಮಿಷ್ಟ ಎಂಬ ವಾದ. ಚಾರ್ಲ್‌ಸ್ಟನ್ನಿನ ನ್ಯಾಯಾಧೀಶ ವೇಟಿಸ್ ವೇರಿಂಗ್ 1947ರಲ್ಲಿ ಆ ವಾದವನ್ನು ತಳ್ಳಿಹಾಕಿದರು. ಅದಕ್ಕಾಗಿ ಸ್ವಂತ ಊರಿನ ಬಿಳಿಯರೇ ಅವರನ್ನು ದೂರವಿಟ್ಟರು. ಮರುವರ್ಷದ ಪ್ರೈಮರಿಯಲ್ಲಿ ಕಪ್ಪು ಜನ ಮತ ಹಾಕಿದರು. ರಾಜ್ಯದ ಪ್ರತಿ ಹತ್ತು ಜನರಲ್ಲಿ ಆಗ ಹತ್ತಿರಹತ್ತಿರ ನಾಲ್ವರು ಕಪ್ಪು ಜನರಿದ್ದರು ಎಂಬುದನ್ನು ನೆನಪಿಟ್ಟುಕೊಂಡು ಮುಂದಿನದನ್ನು ಕೇಳಿ.

1948ರಲ್ಲಿ ಥರ್ಮಂಡ್ ರಾಜ್ಯದ ಗವರ್ನರ್. ಅಧ್ಯಕ್ಷ ಟ್ರೂಮನ್ ನಾಗರಿಕ ಹಕ್ಕುಗಳ ಪರ ನಿಂತದ್ದಕ್ಕೆ ಸಿಟ್ಟಾದ ದಕ್ಷಿಣದ ಡೆಮಾಕ್ರಟರು ಬೇರೆ ಪಕ್ಷ ಕಟ್ಟಿ ಇವರನ್ನೇ ಅಧ್ಯಕ್ಷ ಸ್ಥಾನಕ್ಕೆ ನಿಲ್ಲಿಸಿದರು. ಕಪ್ಪು ಜನ ಬಿಳಿಯರ ಚಿತ್ರಮಂದಿರ, ಈಜುಕೊಳ, ಮನೆಗಳೊಳಗೆ ಬರಕೂಡದು ಎಂದು ಭಾಷಣ ಮಾಡುತ್ತಾ ಅವರು ನಾಲ್ಕು ರಾಜ್ಯಗಳನ್ನು ಗೆದ್ದರು. ಆ ಹೊತ್ತಿಗೆ ಅವರಿಗೊಬ್ಬ ಮಗಳಿದ್ದಳು, ಎಸ್ಸಿ ಮೇ. ಥರ್ಮಂಡರ ತಂದೆಯ ಮನೆಯಲ್ಲಿ ಕೆಲಸಕ್ಕಿದ್ದ ಕಪ್ಪು ಹುಡುಗಿಯ ಹೊಟ್ಟೆಯಲ್ಲಿ 1925ರಲ್ಲಿ ಹುಟ್ಟಿದವಳು. ಈ ವಿಷಯ ಹೊರಬಂದದ್ದು 2003ರಲ್ಲಿ, ಥರ್ಮಂಡ್ ತೀರಿಕೊಂಡ ಮೇಲೆ. ಒಂಬತ್ತು ಸಲವೂ ಮತದಾರರು ಇದನ್ನು ತಿಳಿಯದೆಯೇ ತೀರ್ಪು ಕೊಟ್ಟರು. ನನಗೆ ಇದನ್ನು ಸಣ್ಣ ವಿಷಯವೆಂದು ಬದಿಗೆ ಸರಿಸಲಾಗುವುದಿಲ್ಲ.

1950ರಲ್ಲಿ ಅವರು ಸೆನೆಟ್ ಪ್ರೈಮರಿಗೆ ನಿಂತು ಓಲಿನ್ ಜಾನ್‌ಸ್ಟನ್ ಎದುರು ಸೋತರು. ಸೆನೆಟ್ ಚುನಾವಣೆಗಳಲ್ಲಿ ಅವರ ಸೋಲು ಅದೊಂದೇ. ಜನಾಂಗಭೇದದ ವಿಷಯದಲ್ಲಿ ಜಾನ್‌ಸ್ಟನ್ನರೇನೂ ಉದಾರಿಗಳಲ್ಲ. ಆ ತುರ್ತು ಅಧಿವೇಶನ ಕರೆದ ಗವರ್ನರ್ ಅವರೇ. ಆದರೂ ಹೊಸದಾಗಿ ಮತದ ಹಕ್ಕು ಪಡೆದ ಕಪ್ಪು ಜನ, 1948ರ ಭಾಷಣಗಳನ್ನು ಮರೆಯದೆ, ಬಹುಪಾಲು ಜಾನ್‌ಸ್ಟನ್ನರ ಕಡೆಗೆ ವಾಲಿದರು.

ನಾಲ್ಕು ವರ್ಷದ ನಂತರ ಒಂದು ವಿಚಿತ್ರ ಅವಕಾಶ ಒದಗಿತು. ಪ್ರೈಮರಿ ಗೆದ್ದಿದ್ದ ಸೆನೆಟರ್ ಬರ್ನೆಟ್ ಮೇಬ್ಯಾಂಕ್ 1954ರ ಸೆಪ್ಟೆಂಬರ್ 1ರಂದು ಹಠಾತ್ತನೆ ತೀರಿಕೊಂಡರು. ಪಕ್ಷದ ಕಾರ್ಯಕಾರಿ ಸಮಿತಿ ಮತ್ತೆ ಪ್ರೈಮರಿ ನಡೆಸದೆ, ಎಡ್ಗರ್ ಬ್ರೌನ್ ಎಂಬ ಹಳೆಯ ಮುಖಂಡರನ್ನು ತಾನೇ ಆರಿಸಿಬಿಟ್ಟಿತು. ಜನರಿಗೆ ಇದು ಹಿಡಿಸಲಿಲ್ಲ. ಥರ್ಮಂಡ್ ಕಣಕ್ಕಿಳಿದರು, ಆದರೆ ಮತಪತ್ರದಲ್ಲಿ ಅವರ ಹೆಸರಿಲ್ಲ. ಅಮೆರಿಕದಲ್ಲಿ ಇದಕ್ಕೊಂದು ದಾರಿಯಿದೆ, ರೈಟ್-ಇನ್ ಎನ್ನುತ್ತಾರೆ: ಮತಪತ್ರದಲ್ಲಿ ಖಾಲಿ ಬಿಟ್ಟ ಜಾಗದಲ್ಲಿ ಮತದಾರ ತನಗೆ ಬೇಕಾದವರ ಹೆಸರನ್ನು ಕೈಯಾರೆ ಬರೆಯಬೇಕು. ಚಿಹ್ನೆ ನೋಡಿ ಗುಂಡಿ ಒತ್ತುವ ನಮಗೆ ಇದರ ಕಷ್ಟ ಕೂಡಲೇ ಅಂದಾಜಾಗದು. ಮತಗಟ್ಟೆಯಲ್ಲಿ ನಿಂತು, ಪೆನ್ಸಿಲ್ ಹಿಡಿದು, ಅಕ್ಷರ ಕೂಡಿಸಿ ಒಂದು ಹೆಸರು ಬರೆಯುವ ಮನಸ್ಸು ಸಾವಿರಾರು ಜನಕ್ಕೆ ಬರಬೇಕು. ರಾಜ್ಯದ ಬಹುಪಾಲು ಪತ್ರಿಕೆಗಳು ಥರ್ಮಂಡರ ಬೆನ್ನಿಗೆ ನಿಂತವು. ಗೆದ್ದರೆ 1956ರಲ್ಲಿ ರಾಜೀನಾಮೆ ಕೊಟ್ಟು ಪ್ರೈಮರಿಯ ಮೂಲಕವೇ ಬರುತ್ತೇನೆ ಎಂದು ಅವರು ಮಾತು ಕೊಟ್ಟರು. ಸುಮಾರು 1 ಲಕ್ಷ 43 ಸಾವಿರ ಮತದಾರರು ಆ ಹೆಸರನ್ನು ಬರೆದರು, ಶೇ. 63ರಷ್ಟು. ಆಮೇಲೆ 56 ವರ್ಷ, 2010ರಲ್ಲಿ ಅಲಾಸ್ಕದ ಲೀಸಾ ಮರ್ಕೌಸ್ಕಿ ಗೆಲ್ಲುವತನಕ, ಸೆನೆಟ್‌ಗೆ ಹೀಗೆ ಬಂದವರು ಯಾರೂ ಇಲ್ಲ.

ಕೊಟ್ಟ ಮಾತಿನಂತೆ 1956ರಲ್ಲಿ ರಾಜೀನಾಮೆ ಕೊಟ್ಟರು. ನವೆಂಬರಿನಲ್ಲಿ ಎದುರಿಗೆ ಯಾರೂ ಇರಲಿಲ್ಲ. 1960ರಲ್ಲೂ ಇಲ್ಲ. ನಡುವೆ, 1957ರಲ್ಲಿ, ಕಪ್ಪು ಜನರ ಮತದ ಹಕ್ಕಿಗೆ ರಕ್ಷಣೆ ಕೊಡುವ ಮಸೂದೆಯನ್ನು ವಿರೋಧಿಸಿ ಸೆನೆಟಿನಲ್ಲಿ 24 ಗಂಟೆ 18 ನಿಮಿಷ ಒಬ್ಬರೇ ನಿಂತು ಮಾತಾಡಿದರು. ಮಸೂದೆ ಅಂಗೀಕಾರವಾಯಿತು, ಆದರೆ ಅಷ್ಟು ಹೊತ್ತಿಗೆ ಅದರ ಹಲ್ಲುಗಳನ್ನು ಕಿತ್ತಾಗಿತ್ತು.

1964ರ ಸೆಪ್ಟೆಂಬರಿನಲ್ಲಿ ಅವರು ರಿಪಬ್ಲಿಕನ್ ಪಕ್ಷ ಸೇರಿದರು. 1965ರಲ್ಲಿ ಮತದಾನ ಹಕ್ಕುಗಳ ಕಾಯ್ದೆ ಬಂತು. ಓದುಬರಹದ ಪರೀಕ್ಷೆಯ ನೆಪದಲ್ಲಿ ಕಪ್ಪು ಜನರನ್ನು ಪಟ್ಟಿಯಿಂದ ಹೊರಗಿಡುವುದು ನಿಂತಿತು. ಕಾಯ್ದೆಯನ್ನು ಪ್ರಶ್ನಿಸಿ ಸೌತ್ ಕೆರೊಲಿನಾ ಸುಪ್ರೀಂ ಕೋರ್ಟ್ ಮೆಟ್ಟಿಲೇರಿ 1966ರ ಮಾರ್ಚಿನಲ್ಲಿ ಸೋತಿತು. ಅದೇ ನವೆಂಬರಿನಲ್ಲಿ ಥರ್ಮಂಡ್ ಹೊಸ ಪಕ್ಷದಿಂದ ಶೇ. 62 ಪಡೆದು ಗೆದ್ದರು. ಬಿಳಿಯ ಮತದಾರರು ಅವರ ಹಿಂದೆಯೇ ಪಕ್ಷ ದಾಟತೊಡಗಿದ್ದರು.

ಆದರೆ ಪಟ್ಟಿ ಬೆಳೆಯುತ್ತಿತ್ತು. 1970ರಲ್ಲಿ ಥರ್ಮಂಡ್ ಬೆಂಬಲಿಸಿದ ಆಲ್ಬರ್ಟ್ ವಾಟ್ಸನ್ ಜನಾಂಗದ ಮಾತೆತ್ತಿಕೊಂಡೇ ಗವರ್ನರ್ ಸ್ಥಾನಕ್ಕೆ ನಿಂತು ಸೋತರು. ಮರುವರ್ಷವೇ ಥರ್ಮಂಡ್ ಥಾಮಸ್ ಮಾಸ್ ಎಂಬ ಕಪ್ಪು ವ್ಯಕ್ತಿಯನ್ನು ತಮ್ಮ ಕಚೇರಿಗೆ ನೇಮಿಸಿಕೊಂಡರು. ಕಪ್ಪು ಜನರ ಕಾಲೇಜುಗಳಿಗೆ, ಊರುಗಳಿಗೆ ಕೇಂದ್ರದ ಹಣ ತಂದರು. 1982ರಲ್ಲಿ ಅದೇ ಮತದಾನ ಕಾಯ್ದೆಯ ವಿಸ್ತರಣೆಗೆ ಮತ ಹಾಕಿದರು. ಮನಸ್ಸು ಬದಲಾಯಿತು ಎನ್ನುವವರಿದ್ದಾರೆ. ನಾನು ಈ ಬದಲಾವಣೆಯ ಶ್ರೇಯಸ್ಸನ್ನು ಥರ್ಮಂಡರಿಗೆ ಕೊಡಲಾರೆ; ಪೊಲೀಸರ ಏಟು ತಿಂದು, ಕೆಲಸ ಕಳೆದುಕೊಂಡು, ಪಟ್ಟಿಗೆ ಹೆಸರು ಸೇರಿಸಿದವರಿಗೆ ಅದು ಸಲ್ಲಬೇಕು. ಅವರಲ್ಲಿ ಬಹುಪಾಲು ಜನ ಕೊನೆಯವರೆಗೂ ಥರ್ಮಂಡರಿಗೆ ಮತ ಹಾಕಲಿಲ್ಲ.

ನಿಜವಾದ ಸ್ಪರ್ಧೆ ಎದುರಾದದ್ದು 1978ರಲ್ಲಿ. ಥರ್ಮಂಡರಿಗೆ 75, ಎದುರಾಳಿ ಚಾರ್ಲ್ಸ್ ರಾವೆನೆಲ್‌ಗೆ 40. ವಯಸ್ಸಿನ ಮಾತು ಬರುತ್ತದೆಂದು ಗೊತ್ತಿದ್ದ ಥರ್ಮಂಡ್ ತಮ್ಮ ನಾಲ್ವರು ಪುಟ್ಟ ಮಕ್ಕಳನ್ನು ಕರೆದುಕೊಂಡು ಊರೂರು ಸುತ್ತಿದರು. ಮಕ್ಕಳ ಅಂಗಿಯ ಮೇಲೆ ‘ನಮ್ಮಪ್ಪನಿಗೆ ಮತ ಹಾಕಿ’ ಎಂಬ ಬರಹ. ಗೆಲುವು ಶೇ. 55ರ ಆಸುಪಾಸಿಗೆ ಇಳಿಯಿತು. 1984, 1990 ಸಲೀಸಾಗಿ ಕಳೆದವು. 1996ರಲ್ಲಿ, 93ನೇ ವಯಸ್ಸಿನಲ್ಲಿ, ಜವಳಿ ಗಿರಣಿ ಮನೆತನದ ಎಲಿಯಟ್ ಕ್ಲೋಸ್ ಎದುರು ಶೇ. 53. ಒಂಬತ್ತರಲ್ಲಿ ಅತಿ ಕಡಿಮೆ ಅಂತರದ ಗೆಲುವು ಅದು.

2003ರ ಜನವರಿಯಲ್ಲಿ ಅವರು ನಿವೃತ್ತರಾದರು. ಏಳು ವರ್ಷದ ನಂತರ, ಚಾರ್ಲ್‌ಸ್ಟನ್ ಸುತ್ತಮುತ್ತಲಿನ ಸಂಸತ್ತಿನ ಕೆಳಮನೆಯ ಸ್ಥಾನಕ್ಕೆ ರಿಪಬ್ಲಿಕನ್ ಪ್ರೈಮರಿಯ ಕೊನೆಯ ಸುತ್ತಿನಲ್ಲಿ ಇಬ್ಬರು ಉಳಿದರು. ಒಬ್ಬರು ಥರ್ಮಂಡರ ಮಗ ಪಾಲ್. ಇನ್ನೊಬ್ಬರು ಕಪ್ಪು ಜನಾಂಗದ ಟಿಮ್ ಸ್ಕಾಟ್. ಸ್ಕಾಟ್ ಎರಡು ಪಟ್ಟಿಗೂ ಹೆಚ್ಚು ಮತ ಪಡೆದು ಗೆದ್ದರು. 2014ರಲ್ಲಿ ರಾಜ್ಯದ ಮತದಾರರು ಅವರನ್ನು ಸೆನೆಟ್‌ಗೂ ಆರಿಸಿದರು.